ಆಪರೇಷನ್ ಎಲ್ಲಿ ಮಾಡಿಸೋದು? ಹೊರದೇಶದ ಕನ್ನಡಿಗರಿಗೆ ಒಂದು ಹೋಲಿಕೆ

ಅಮ್ಮನಿಗೆ ಎರಡೂ ಮಂಡಿ ಸವೆದಿದೆ, ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯ್ತು. ಇಲ್ಲೇ ಆಪರೇಷನ್ ಮಾಡಿಸೋದಾ, ಬೆಂಗಳೂರಿಗೆ ಕರ್ಕೊಂಡು ಹೋಗೋದಾ? ನನಗೆ ನಾಲ್ಕು ಹಲ್ಲಿಗೆ ಇಂಪ್ಲಾಂಟ್ ಆಗಬೇಕು, ಮೆಕ್ಸಿಕೋಗೆ ಹೋಗು ಅಂತ ಆಫೀಸಲ್ಲಿ ಎಲ್ಲರೂ ಹೇಳ್ತಾರೆ, ನಂಬಬಹುದಾ? ಲಂಡನ್ನಿನಲ್ಲಿ ಸೊಂಟದ ಕೀಲಿನ ಆಪರೇಷನ್‌ಗೆ ಕಾಯ್ತಾ ಇದ್ದೀನಿ, ನಡೆಯೋಕೇ ಆಗ್ತಿಲ್ಲ, ಏನು ಮಾಡಲಿ?

ಹೊರದೇಶದಲ್ಲಿರುವ ನಮ್ಮವರಿಂದ ಇಂಥ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಪ್ರಶ್ನೆ ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಅಂಕಿ ಇರುತ್ತವೆ: ಇಲ್ಲಿ ಇಷ್ಟು ಡಾಲರ್, ಅಲ್ಲಿ ಇಷ್ಟು ಲಕ್ಷ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಊರೇ ಗೆಲ್ಲುತ್ತದೆ. ಆದರೆ ಆ ಅಂಕಿ ಆಸ್ಪತ್ರೆಯೊಳಗಿನ ನಾಲ್ಕೈದು ದಿನದ್ದು ಮಾತ್ರ. ಆಪರೇಷನ್ ಆದ ಆರನೇ ವಾರದಲ್ಲಿ ಗಾಯ ಕೆಂಪಾದರೆ ಯಾರ ಹತ್ತಿರ ಹೋಗುತ್ತೀರಿ, ಮೂರನೇ ತಿಂಗಳು ಕಾಲು ಮಡಿಸಲು ಬರದಿದ್ದರೆ ಯಾರು ನೋಡುತ್ತಾರೆ ಅನ್ನುವುದು ಅದರಲ್ಲಿ ಇರುವುದಿಲ್ಲ. ನನ್ನ ಮಟ್ಟಿಗೆ ಜಾಗ ಆರಿಸಬೇಕಾದ್ದು ಈ ಆಮೇಲಿನ ತಿಂಗಳುಗಳನ್ನು ನೋಡಿಕೊಂಡೇ.

ಮೊದಲು ಏನೇನು ನೋಡಬೇಕು

ಮೊದಲನೆಯದು, ಇದು ಕಾಯಬಹುದಾದ ಚಿಕಿತ್ಸೆಯಾ ಅನ್ನುವುದು. ಎದೆನೋವು, ಪಾರ್ಶ್ವವಾಯು, ಅಪೆಂಡಿಕ್ಸ್ ಒಡೆಯುವುದು, ಇವಕ್ಕೆಲ್ಲ ಹೋಲಿಕೆಯೇ ಬೇಡ. ಹತ್ತಿರದ ಆಸ್ಪತ್ರೆಗೆ ಹೋಗಿ, ಬಿಲ್ಲಿನ ಮಾತು ಆಮೇಲೆ. ಕ್ಯಾನ್ಸರ್ ಕೂಡ ಸುಮಾರಾಗಿ ಹೀಗೇ. ಚಿಕಿತ್ಸೆ ಎಷ್ಟು ಬೇಗ ಶುರುವಾಗುತ್ತದೆ ಅನ್ನುವುದು ಬೆಲೆಗಿಂತ ದೊಡ್ಡದು. ಮಂಡಿ, ಸೊಂಟ, ಹಲ್ಲು, ಕಣ್ಣಿನ ಪೊರೆ, ಐವಿಎಫ್ ಇಂಥವು ಲೆಕ್ಕ ಹಾಕಿ, ದಿನ ನೋಡಿ ಮಾಡಿಸುವಂಥವು.

ಎರಡನೆಯದು ದುಡ್ಡು. ಆಸ್ಪತ್ರೆ ಹಾಕುವ ಬಿಲ್ ಅಲ್ಲ, ನಿಮ್ಮ ಜೇಬಿನಿಂದ ಹೋಗುವ ದುಡ್ಡು. ಇವೆರಡರ ನಡುವೆ ಅಮೆರಿಕದಲ್ಲಿ ಭಾರೀ ವ್ಯತ್ಯಾಸ ಇದೆ. ಅದರ ಜೊತೆ ಇಬ್ಬರ ಟಿಕೆಟ್, ಸಂಬಳವಿಲ್ಲದ ರಜೆ, ಅಲ್ಲಿ ಉಳಿಯುವ ಖರ್ಚು ಎಲ್ಲ ಸೇರಬೇಕು.

ಮೂರನೆಯದು ಆಗಲೇ ಹೇಳಿದ್ದು, ಆಮೇಲಿನ ಆರೈಕೆ. ಮನೆಯಲ್ಲಿ ಯಾರಿರುತ್ತಾರೆ? ಬಚ್ಚಲಿಗೆ ಹೋಗಲು ಯಾರು ಕೈ ಹಿಡಿಯುತ್ತಾರೆ? ಫಿಸಿಯೋ ಮನೆಗೆ ಬರುತ್ತಾರಾ?

ನಾಲ್ಕನೆಯದು, ಎಡವಟ್ಟಾದರೆ ಯಾರು ಹೊಣೆ, ಯಾವ ಕಾನೂನು ನಿಮ್ಮ ಕಡೆಗಿದೆ. ಐದನೆಯದು ವೀಸಾ. ಇದನ್ನು ಕೊನೆಗೆ ನೋಡುವವರೇ ಜಾಸ್ತಿ. ಎಚ್‌-1ಬಿ ಅನ್ನುವ ಅಮೆರಿಕದ ಕೆಲಸದ ವೀಸಾದಲ್ಲಿ ಇರುವವರು ಇದನ್ನೇ ಮೊದಲು ನೋಡಬೇಕು.

ಇದ್ದಲ್ಲೇ ಮಾಡಿಸಿದರೆ

ಅಮೆರಿಕದಲ್ಲಿ ಕಂಪನಿಯ ಇನ್ಶೂರೆನ್ಸ್ ಇರುವವರು ಮೊದಲು ಒಂದು ಅಂಕಿ ಹುಡುಕಬೇಕು: ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್. ನೆಟ್‌ವರ್ಕಿನೊಳಗಿನ, ಅಂದರೆ ಇನ್ಶೂರೆನ್ಸ್ ಕಂಪನಿಯ ಜೊತೆ ಒಪ್ಪಂದ ಇರುವ ಆಸ್ಪತ್ರೆಯಲ್ಲಿ, ಪ್ಲಾನಿಗೆ ಸೇರಿದ ಚಿಕಿತ್ಸೆಗೆ ವರ್ಷಕ್ಕೆ ನಿಮ್ಮ ಕೈಯಿಂದ ಅದಕ್ಕಿಂತ ಹೆಚ್ಚು ಹೋಗುವುದಿಲ್ಲ. ಇದಕ್ಕೆ ಸರ್ಕಾರದ್ದೇ ಒಂದು ಮಿತಿ ಇದೆ. 2025ರಲ್ಲಿ ಅದು ಒಬ್ಬರಿಗೆ 9,200 ಡಾಲರ್, ಕುಟುಂಬಕ್ಕೆ 18,400 ಡಾಲರ್ ಇತ್ತು. ಎಷ್ಟೋ ಕಂಪನಿಗಳ ಪ್ಲಾನ್‌ನಲ್ಲಿ ಮಿತಿ ಇದಕ್ಕಿಂತ ಕಡಿಮೆ ಇರುತ್ತದೆ. ಬಿಲ್ 60 ಸಾವಿರ ಡಾಲರ್ ಅಂತ ಕಂಡು ಗಾಬರಿಯಾಗಿ ಬೆಂಗಳೂರಿಗೆ ಟಿಕೆಟ್ ಹುಡುಕುವ ಮೊದಲು ಈ ಅಂಕಿ ನೋಡಿ. ನಿಮ್ಮ ಮಿತಿ 4 ಸಾವಿರ ಡಾಲರ್ ಆಗಿದ್ದರೆ ಊರಿಗೆ ಬಂದು ಉಳಿಸುವುದು ಏನೂ ಇಲ್ಲ, ಟಿಕೆಟ್ಟು, ಊರಿನ ಬಿಲ್ಲು ಸೇರಿದರೆ ಅಷ್ಟಾಗುತ್ತದೆ. ಈ ವರ್ಷ ಮನೆಯಲ್ಲಿ ಹೆರಿಗೆಯೋ ಇನ್ನೊಂದು ಆಪರೇಷನ್ನೋ ಆಗಿ ಕುಟುಂಬದ ಮಿತಿ ಆಗಲೇ ತುಂಬಿದ್ದರೆ, ಅದೇ ಪ್ಲಾನಿನಲ್ಲಿರುವ ನಿಮ್ಮ ಮಂಡಿ ಆಪರೇಷನ್ ಆ ವರ್ಷ ಮುಗಿಯುವುದರೊಳಗೆ ಹೆಚ್ಚುಕಡಿಮೆ ಪುಕ್ಕಟೆ.

ಅಪ್ಪ ಅಮ್ಮನ ಕಥೆ ಬೇರೆ. ಗ್ರೀನ್ ಕಾರ್ಡ್ ಬಂದ ತಕ್ಷಣ ಮೆಡಿಕೇರ್, ಅಂದರೆ ವಯಸ್ಸಾದವರಿಗೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆ, ಸಿಗುವುದಿಲ್ಲ. ತಾವೋ ಗಂಡ ಅಥವಾ ಹೆಂಡತಿಯೋ ಅಲ್ಲಿ ದುಡಿದ ಲೆಕ್ಕ ಇಲ್ಲದವರಿಗೆ 65 ವರ್ಷ ತುಂಬಿರಬೇಕು, ಜೊತೆಗೆ ಸತತ 5 ವರ್ಷ ಅಲ್ಲಿ ವಾಸ ಆಗಿರಬೇಕು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ತೆಗೆದುಕೊಳ್ಳುವ ವಿಸಿಟರ್ ಇನ್ಶೂರೆನ್ಸ್ ಹಳೆಯ ಕಾಯಿಲೆಗೆ ಯೋಜಿತ ಆಪರೇಷನ್ ಕೊಡುವುದಿಲ್ಲ. ಈ ಎರಡು ಗುಂಪಿನವರಿಗೆ ಊರೇ ಸರಿ ಅಂತ ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಮೆಡಿಕೇರ್ ಇರುವವರಿಗೆ ತಿಳಿದಿರಬೇಕಾದ್ದು: ಕೆಲವೇ ವಿನಾಯಿತಿ ಬಿಟ್ಟರೆ ಅದು ಅಮೆರಿಕದ ಹೊರಗೆ ನಡೆಯುವುದಿಲ್ಲ.

ಇಂಗ್ಲೆಂಡಿನಲ್ಲಿ ತೊಂದರೆ ದುಡ್ಡಿನದಲ್ಲ, ಕಾಯುವುದರದ್ದು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಗುರಿ 18 ವಾರದೊಳಗೆ ಚಿಕಿತ್ಸೆ ಶುರು ಮಾಡುವುದು. 2025ರಲ್ಲಿ ಕಾಯುತ್ತಿದ್ದ ಚಿಕಿತ್ಸೆಗಳ ಪಟ್ಟಿ 70 ಲಕ್ಷ ದಾಟಿ ಕೂತಿತ್ತು. ಕೀಲಿನ ಆಪರೇಷನ್‌ಗೆ ಎಷ್ಟೋ ಕಡೆ ಆ ಗುರಿ ಮೀರಿ ತಿಂಗಳುಗಟ್ಟಲೆ ಕಾಯಬೇಕು. ಆದರೆ ಒಂದು ದಾರಿ ಇದೆ, ಅದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನಿಮ್ಮ ಜಿಪಿ (ಮೊದಲು ನೋಡುವ ಸಾಮಾನ್ಯ ಡಾಕ್ಟರ್) ನಿಮ್ಮನ್ನು ಸ್ಪೆಷಲಿಸ್ಟ್ ಹತ್ತಿರ ಕಳಿಸುವಾಗ ಯಾವ ಆಸ್ಪತ್ರೆ ಅಂತ ಆರಿಸುವ ಹಕ್ಕು ನಿಮಗಿದೆ. ಎನ್‌ಎಚ್‌ಎಸ್ ಜೊತೆ ಒಪ್ಪಂದ ಇರುವ ಖಾಸಗಿ ಆಸ್ಪತ್ರೆಯನ್ನೂ ಆರಿಸಬಹುದು, ದುಡ್ಡು ಕೊಡಬೇಕಿಲ್ಲ. ಐವತ್ತು ಮೈಲಿ ಆಚೆಯ ಊರಿನಲ್ಲಿ ಕಾಯುವ ಸಮಯ ಅರ್ಧಕ್ಕೆ ಇಳಿಯಬಹುದು. ಸ್ವಂತ ದುಡ್ಡಿನಲ್ಲಿ ಖಾಸಗಿಯಾಗಿ ಮಾಡಿಸಿದರೆ ಒಂದು ಕೀಲಿಗೆ ಸುಮಾರು 15 ಸಾವಿರ ಪೌಂಡ್ ಆಸುಪಾಸು. ಬೆಂಗಳೂರಿನ ಯೋಚನೆ ಈ ಎರಡೂ ನೋಡಿದ ಮೇಲೆ.

ಗಲ್ಫ್‌ನ ಹಲವು ಕಡೆ ಇನ್ಶೂರೆನ್ಸ್ ಕಡ್ಡಾಯ. ಯುಎಇಯ ಎಲ್ಲ ಎಮಿರೇಟ್‌ಗಳಿಗೂ 2025ರ ಜನವರಿಯಿಂದ ಅದು ಬಂದಿದೆ. ಆದರೆ ಕಾರ್ಮಿಕರಿಗೆ, ಸಣ್ಣ ಸಂಬಳದವರಿಗೆ ಸಿಗುವ ಪಾಲಿಸಿ ತೀರಾ ತೆಳ್ಳಗಿರುತ್ತದೆ. ಹಲ್ಲು, ಕನ್ನಡಕ, ಐವಿಎಫ್ ಸೇರಿರುವುದಿಲ್ಲ, ದೊಡ್ಡ ಆಸ್ಪತ್ರೆಗಳು ನೆಟ್‌ವರ್ಕಿನಲ್ಲಿ ಇರುವುದಿಲ್ಲ. ಕಾರ್ಡಿನ ಹಿಂದೆ ಬರೆದಿರುವ ಸಹ-ಪಾವತಿ, ಅಂದರೆ ಬಿಲ್ಲಿನಲ್ಲಿ ನೀವು ಕೊಡಬೇಕಾದ ಪಾಲು, ಎಷ್ಟು ಅಂತ ಒಮ್ಮೆ ಓದಿ.

ಊರಿಗೆ ಬಂದರೆ

ಊರು ಅಂದರೆ ಬರೀ ಬೆಂಗಳೂರಲ್ಲ. ಕರಾವಳಿಯವರಿಗೆ ಮಂಗಳೂರು, ಮಣಿಪಾಲ ಇವೆ. ದುಬೈ, ಅಬುಧಾಬಿಯಿಂದ ಮಂಗಳೂರಿಗೆ ನೇರ ವಿಮಾನ ಇದೆ. ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಗಳು ಆ ಕರಾವಳಿಯಲ್ಲಿ ಇರುವಷ್ಟು ಹತ್ತಿರ ಹತ್ತಿರ ಬೇರೆ ಕಡೆ ಇರುವುದು ಅಪರೂಪ. ಹಾಸನದ ಕಡೆಯವರಿಗೆ, ಮಂಡ್ಯದವರಿಗೆ ಮೈಸೂರು ಹತ್ತಿರ. ಆಪರೇಷನ್ ಆದ ಮೇಲೆ ಅಕ್ಕನ ಮನೆ ಆಸ್ಪತ್ರೆಯಿಂದ ಅರ್ಧ ಗಂಟೆ ದೂರದಲ್ಲಿ ಇದ್ದರೆ ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಬೆಂಗಳೂರಿನಲ್ಲಿ ಹೆಸರಾಂತ ಆಸ್ಪತ್ರೆ ಹಿಡಿದು, ಉಳಿಯಲು ಸರ್ವಿಸ್ ಅಪಾರ್ಟ್‌ಮೆಂಟ್ ಮಾಡಿಕೊಂಡು, ಗೊತ್ತಿಲ್ಲದ ಬಡಾವಣೆಯಲ್ಲಿ ಇಬ್ಬರೇ ಇರುವುದಕ್ಕಿಂತ ಮೈಸೂರಿನಲ್ಲಿ ನೆಂಟರ ನಡುವೆ ಮಾಡಿಸಿಕೊಂಡವರು ಬೇಗ ಎದ್ದು ಓಡಾಡಿದ್ದನ್ನು ನೋಡಿದ್ದೇನೆ. ಮಂಡಿ, ಪೊರೆ, ಹರ್ನಿಯಾದಂಥ ದಿನನಿತ್ಯ ನಡೆಯುವ ಆಪರೇಷನ್‌ಗಳಿಗೆ ಇದು ಸಾಕು. ಹೃದಯದ ಕವಾಟ, ಮಿದುಳು, ಅಪರೂಪದ ಕ್ಯಾನ್ಸರ್ ಇದ್ದರೆ ಮಾತ್ರ ಅಂಥ ಕೇಸುಗಳನ್ನು ಹೆಚ್ಚು ನೋಡುವ ದೊಡ್ಡ ಕೇಂದ್ರಕ್ಕೇ ಹೋಗಬೇಕು, ದೂರವಾದರೂ ಸರಿ.

ಬೆಲೆಯ ಮಾತು. ಬೆಂಗಳೂರಿನ ಒಳ್ಳೆಯ ಖಾಸಗಿ ಆಸ್ಪತ್ರೆಯಲ್ಲಿ ಒಂದು ಮಂಡಿಗೆ ಸುಮಾರು 2ರಿಂದ 4 ಲಕ್ಷ ರೂಪಾಯಿ. ಕೃತಕ ಮಂಡಿಯ ಬೆಲೆಗೆ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ನಿಗದಿಯಾದದ್ದು 54,720 ರೂಪಾಯಿ, ಮೇಲೆ ಜಿಎಸ್‌ಟಿ. ಅದೇ ವರ್ಷ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟ್‌ಗೂ ಮಿತಿ ಬಂತು, ಔಷಧ ಲೇಪಿಸಿದ ಸ್ಟೆಂಟ್‌ಗೆ 29,600. ಆಮೇಲೆ ಈ ದರ ಪರಿಷ್ಕರಣೆಯಾಗುತ್ತಾ ಬಂದಿದೆ, ಆದರೆ ಮಿತಿ ಇದೆ ಅನ್ನುವುದೇ ಮುಖ್ಯ. ಹಾಗಾದರೆ ಒಂದೇ ಆಪರೇಷನ್‌ಗೆ ಒಂದು ಕಡೆ ಎರಡು ಲಕ್ಷ, ಇನ್ನೊಂದು ಕಡೆ ನಾಲ್ಕು ಲಕ್ಷ ಯಾಕೆ?

ಎಸ್ಟಿಮೇಟ್ ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿದರೆ ಗೊತ್ತಾಗುತ್ತದೆ. ಮೇಲೆ ರೂಮಿನ ದರ್ಜೆ ಇರುತ್ತದೆ: ಜನರಲ್ ವಾರ್ಡ್, ಶೇರಿಂಗ್, ಪ್ರೈವೇಟ್, ಡೀಲಕ್ಸ್. ಬಹಳಷ್ಟು ಆಸ್ಪತ್ರೆಗಳಲ್ಲಿ ರೂಮ್ ಬದಲಾದರೆ ಬಾಡಿಗೆ ಮಾತ್ರ ಅಲ್ಲ, ಸರ್ಜನ್ ಫೀಸು, ಓಟಿ (ಆಪರೇಷನ್ ಥಿಯೇಟರ್) ಚಾರ್ಜ್, ಅನಸ್ತೇಷಿಯಾ, ಡಾಕ್ಟರ್ ವಿಸಿಟ್ ಎಲ್ಲವೂ ಏರುತ್ತವೆ. ಅದೇ ಸರ್ಜನ್, ಅದೇ ಓಟಿ, ಅದೇ ಮಂಡಿ. ಡೀಲಕ್ಸ್ ರೂಮಿನಲ್ಲಿ ಸೋಫಾ ಇದೆ ಅಂತ ಅರವತ್ತು ಎಪ್ಪತ್ತು ಸಾವಿರ ಜಾಸ್ತಿ. ಶೇರಿಂಗ್ ರೂಮ್ ತೆಗೆದುಕೊಂಡು ಉಳಿದ ದುಡ್ಡಿನಲ್ಲಿ ಮನೆಗೆ ಬರುವ ಫಿಸಿಯೋ ಇಟ್ಟುಕೊಳ್ಳಿ, ಕಾಲಿಗೆ ಅದರಿಂದಲೇ ಲಾಭ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಇವು ಸೇರಿಲ್ಲ’ ಅಂತ ಒಂದು ಪಟ್ಟಿ ಇರುತ್ತದೆ. ರಕ್ತ, ಐಸಿಯುನಲ್ಲಿ ಹೆಚ್ಚುವರಿ ದಿನ, ಬೇರೆ ವಿಭಾಗದ ಡಾಕ್ಟರ್ ಬಂದು ನೋಡಿದ್ದು, ರೋಬೋಟ್ ಬಳಸಿದ್ದು. ಸಕ್ಕರೆ ಕಾಯಿಲೆಯೋ ಬಿಪಿಯೋ ಇರುವವರಿಗೆ ಈ ಪಟ್ಟಿಯೇ ಬಿಲ್ಲನ್ನು ಉಬ್ಬಿಸುವುದು. ಹಲವು ಆಸ್ಪತ್ರೆಗಳಲ್ಲಿ ಹೊರದೇಶದವರಿಗೆ ಬೇರೆಯೇ ದರಪಟ್ಟಿ ಇರುತ್ತದೆ. ಓಸಿಐ ಕಾರ್ಡಿನವರಿಗೆ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ) ಯಾವ ದರ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಗುಣಮಟ್ಟ ನೋಡುವುದು ಹೇಗೆ? ಆಸ್ಪತ್ರೆಗಳ ಗುಣಮಟ್ಟ ಅಳೆಯುವ ಭಾರತದ ಸಂಸ್ಥೆ ಎನ್‌ಎಬಿಎಚ್‌ನ ಮಾನ್ಯತೆ ಇದೆಯಾ ಅಂತ ಅವರ ವೆಬ್‌ಸೈಟಿನಲ್ಲೇ ಹೆಸರು ಹುಡುಕಿ. ಆಸ್ಪತ್ರೆಯ ಗೋಡೆಯ ಮೇಲಿನ ಸರ್ಟಿಫಿಕೇಟ್ ಅವಧಿ ಮುಗಿದದ್ದೂ ಇರಬಹುದು. ಜೆಸಿಐ ಅನ್ನುವುದು ಅಂತರರಾಷ್ಟ್ರೀಯ ಮಾನ್ಯತೆ. ಭಾರತದಲ್ಲಿ ಅದು ಮೊದಲು ಸಿಕ್ಕಿದ್ದು 2005ರಲ್ಲಿ, ದೆಹಲಿಯ ಇಂದ್ರಪ್ರಸ್ಥ ಅಪೋಲೋಗೆ. ಮಾನ್ಯತೆ ಇದ್ದರೆ ಪದ್ಧತಿಗಳು ಸರಿ ಇವೆ ಅಂತ ಅರ್ಥ, ನಿಮ್ಮ ಸರ್ಜನ್ ಒಳ್ಳೆಯವರು ಅಂತಲ್ಲ. ಅದಕ್ಕೆ ಸರ್ಜನ್ ಹತ್ತಿರವೇ ಕೇಳಬೇಕು: ವರ್ಷಕ್ಕೆ ಈ ಆಪರೇಷನ್ ಎಷ್ಟು ಮಾಡುತ್ತೀರಿ, ನಿಮ್ಮಲ್ಲಿ ಸೋಂಕು ಎಷ್ಟು ಜನಕ್ಕೆ ಆಗಿದೆ? ಒಳ್ಳೆಯ ಸರ್ಜನ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಸೋಂಕಿನ ಪ್ರಶ್ನೆಯನ್ನು ಸಂಕೋಚ ಬಿಟ್ಟು ಕೇಳಿ. ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದ ರೋಗಾಣುಗಳು ನಮ್ಮ ಆಸ್ಪತ್ರೆಗಳಲ್ಲಿ ನಿಜವಾಗಿಯೂ ದೊಡ್ಡ ತೊಂದರೆ. ಕೀಲು ಬದಲಾಯಿಸಿದ ಕಡೆ ಅಂಥ ಸೋಂಕು ಹಿಡಿದರೆ ಮತ್ತೆ ಆಪರೇಷನ್ ಮಾಡಿ ಎಲ್ಲ ತೆಗೆಯಬೇಕಾಗುತ್ತದೆ.

ಊರಿನ ದೊಡ್ಡ ಅನುಕೂಲ ಜನ. ಮಾತು ಕನ್ನಡದಲ್ಲೇ ನಡೆಯುತ್ತದೆ. ‘ಸೆಳೆತ’, ‘ಜೋಮು’, ‘ಚುಚ್ಚಿದ ಹಾಗೆ’ ಅಂತ ಅಮ್ಮ ತನ್ನ ನೋವನ್ನು ತನ್ನ ಮಾತಿನಲ್ಲೇ ನರ್ಸ್‌ಗೆ ಹೇಳಬಹುದು. ಊಟ ಮನೆಯದು. ಅನನುಕೂಲ ಅಂದರೆ ವಾಪಸ್ ಪ್ರಯಾಣ. ಕೀಲಿನ ಆಪರೇಷನ್ ಆದವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ, ದೂರದ ವಿಮಾನದಲ್ಲಿ ಅದು ಹೆಚ್ಚುತ್ತದೆ. ಆರು ವಾರದಿಂದ ಮೂರು ತಿಂಗಳವರೆಗೆ ದೂರದ ವಿಮಾನ ಬೇಡ ಅಂತ ಸರ್ಜನ್‌ಗಳು ಹೇಳುವುದು ಇದಕ್ಕೇ. ಹಾಗಾಗಿ ಮೂರು ವಾರದ ರಜೆಯಲ್ಲಿ ಮಂಡಿ ಮಾಡಿಸಿಕೊಂಡು ಡಲ್ಲಾಸಿಗೆ ವಾಪಸ್ ಅನ್ನುವ ಯೋಜನೆ ಯಾರದ್ದಾದರೂ ಇದ್ದರೆ ದಯವಿಟ್ಟು ಕೈಬಿಡಿ. ಎರಡೂವರೆ ಮೂರು ತಿಂಗಳು ಊರಲ್ಲಿ ಇರಲು ಸಾಧ್ಯವಿರುವ ಅಪ್ಪ ಅಮ್ಮನಿಗೆ ಊರು ಸರಿ. ಕೆಲಸದಲ್ಲಿರುವ ನಿಮಗೆ ಸರಿಯಾಗುವುದು ಕಷ್ಟ.

ಕಾನೂನಿನ ದೃಷ್ಟಿಯಿಂದ ಊರು ಜನ ಅಂದುಕೊಂಡಷ್ಟು ಕೈಬಿಡುವುದಿಲ್ಲ. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ಕೇಸು ವರ್ಷಗಟ್ಟಲೆ ಎಳೆಯುತ್ತದೆ, ಪರಿಹಾರದ ಮೊತ್ತ ಅಮೆರಿಕದ ಮಟ್ಟದ್ದಲ್ಲ. ಇದನ್ನು ಒಪ್ಪಿಕೊಂಡೇ ಬರಬೇಕು.

ಈಗ ಊರಲ್ಲಿ ಹೆಲ್ತ್ ಇನ್ಶೂರೆನ್ಸ್ ಮಾಡಿಸಿ ಮುಂದಿನ ತಿಂಗಳು ಮಂಡಿ ಮಾಡಿಸಬಹುದಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಲು ಕಂಪನಿಗಳಿಗೆ ಅವಕಾಶ ಇದೆ. ಅಪ್ಪ ಅಮ್ಮ ಇನ್ನೂ ಗಟ್ಟಿಯಾಗಿರುವಾಗಲೇ ಮಾಡಿಸಿಟ್ಟರೆ ಮಾತ್ರ ಪ್ರಯೋಜನ.

ವೀಸಾ ಬಗ್ಗೆ ಎರಡು ಮಾತು. ಭಾರತದ ಪಾಸ್‌ಪೋರ್ಟ್ ಅಥವಾ ಓಸಿಐ ಇದ್ದರೆ ಬರಲು ಏನೂ ಬೇಡ. ಓಸಿಐ ಇಲ್ಲದ ವಿದೇಶಿ ಸಂಗಾತಿಗೆ ಚಿಕಿತ್ಸೆ ಆಗಬೇಕಿದ್ದರೆ ಇ-ಮೆಡಿಕಲ್ ವೀಸಾ ತೆಗೆದುಕೊಳ್ಳಬೇಕು, ಜೊತೆಗೆ ಇಬ್ಬರು ಅಟೆಂಡರ್‌ಗಳಿಗೆ ವೀಸಾ ಸಿಗುತ್ತದೆ. ನಿಜವಾದ ಅಪಾಯ ವಾಪಸ್ ಹೋಗುವಾಗ. ಪಾಸ್‌ಪೋರ್ಟಿನ ಮೇಲಿನ ಎಚ್‌-1ಬಿ ವೀಸಾ ಸ್ಟ್ಯಾಂಪ್ ಅವಧಿ ಮುಗಿದವರು ಊರಿಗೆ ಬಂದರೆ ಅಮೆರಿಕ ಕಾನ್ಸುಲೇಟಿನ ಅಪಾಯಿಂಟ್‌ಮೆಂಟ್ ಸಿಗದೆ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳಬಹುದು. ಗಲ್ಫ್‌ನ ಹಲವು ದೇಶಗಳಲ್ಲಿ ಆರು ತಿಂಗಳು ಹೊರಗಿದ್ದರೆ ರೆಸಿಡೆನ್ಸಿ ಹೋಗುವ ನಿಯಮ ಇದೆ, ಅಲ್ಲಿಯವರು ಅದನ್ನು ನೆನಪಿಡಬೇಕು.

ಮೂರನೇ ದೇಶ

ಊರೂ ಅಲ್ಲ, ಇದ್ದ ದೇಶವೂ ಅಲ್ಲ. ಇದಕ್ಕೆ ಒಂದು ಗಟ್ಟಿ ಕಾರಣ ಇರಬೇಕು.

ಮೆಕ್ಸಿಕೋದ ಕಾರಣ ಹಲ್ಲು. ಅರಿಜೋನಾದ ಯೂಮಾ ಪಕ್ಕದಲ್ಲಿ ಗಡಿಗೆ ಅಂಟಿಕೊಂಡ ಲಾಸ್ ಅಲ್ಗೊದೋನೆಸ್ ಅನ್ನುವ ಪುಟ್ಟ ಊರಿನಲ್ಲಿ ನೂರಾರು ದಂತವೈದ್ಯರಿದ್ದಾರೆ. ಕಾರನ್ನು ಅಮೆರಿಕದ ಕಡೆ ನಿಲ್ಲಿಸಿ ನಡೆದೇ ಗಡಿ ದಾಟುತ್ತಾರೆ. ಕ್ಯಾಲಿಫೋರ್ನಿಯಾ, ಅರಿಜೋನಾದಲ್ಲಿ ಇರುವವರಿಗೆ ಇದು ಒಪ್ಪುವಂಥದ್ದು, ಯಾಕೆಂದರೆ ಮತ್ತೆ ಮತ್ತೆ ಹೋಗಬಹುದು. ಹಲ್ಲಿಗೆ ಮರುಭೇಟಿ ಬಹಳ ಮುಖ್ಯ. ನ್ಯೂಜೆರ್ಸಿಯಿಂದ ಹೋಗುವುದರಲ್ಲಿ ಅರ್ಥವಿಲ್ಲ, ಅದಕ್ಕಿಂತ ಊರಿನ ಎರಡು ಭೇಟಿ ವಾಸಿ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಭಾರತದ ಪಾಸ್‌ಪೋರ್ಟಿನವರಿಗೆ ಮೆಕ್ಸಿಕೋ ವೀಸಾ ಬೇಡ. ಸ್ಟ್ಯಾಂಪ್ ಮುಗಿದಿದ್ದರೆ ಗಡಿ ದಾಟುವ ಮೊದಲು ವಕೀಲರನ್ನು ಕೇಳಿ. ಹಲ್ಲು ಬಿಟ್ಟು ಬೇರೆ ಆಪರೇಷನ್‌ಗೆ ಮೆಕ್ಸಿಕೋ ಅಂದರೆ ನಾನು ಹಿಂಜರಿಯುತ್ತೇನೆ. 2023ರಲ್ಲಿ ಟೆಕ್ಸಾಸ್ ಗಡಿಯ ಮಾತಮೋರೋಸ್ ಊರಿಗೆ ಕಾಸ್ಮೆಟಿಕ್ ಆಪರೇಷನ್‌ಗೆ ಹೋದವರಿಗೆ ಬೆನ್ನಿಗೆ ಕೊಟ್ಟ ಅನಸ್ತೇಷಿಯಾದಿಂದ ಶಿಲೀಂಧ್ರದ ಮೆದುಳುಪೊರೆ ಉರಿಯೂತ ಹರಡಿ ಹಲವರು ತೀರಿಕೊಂಡರು. ಒಂದೆರಡು ಕ್ಲಿನಿಕ್ಕಿನ ಕೊಳಕಿಗೆ ಇಡೀ ದೇಶವನ್ನು ದೂರಬಾರದು ನಿಜ. ಆದರೆ ಯಾವ ಕ್ಲಿನಿಕ್ ಎಂಥದ್ದು ಅಂತ ಹೊರಗಿನವರಿಗೆ ತಿಳಿಯುವ ದಾರಿ ಕಡಿಮೆ.

ಬ್ಯಾಂಕಾಕ್ ನಂಬಿಕೆಗೆ ತಕ್ಕ ಜಾಗ. ಅಲ್ಲಿನ ಬುಮ್ರುಂಗ್ರಾದ್ ಆಸ್ಪತ್ರೆ ಏಷ್ಯಾದಲ್ಲೇ ಮೊದಲು, 2002ರಲ್ಲಿ, ಜೆಸಿಐ ಮಾನ್ಯತೆ ಪಡೆದದ್ದು. ಹೊರದೇಶದ ರೋಗಿಗಳನ್ನು ನೋಡಿಕೊಳ್ಳುವುದರಲ್ಲಿ ಅವರಿಗೆ ದಶಕಗಳ ಅಭ್ಯಾಸ ಇದೆ. ಆದರೆ ಅಂಥ ಆಸ್ಪತ್ರೆಯ ಬೆಲೆ ಬೆಂಗಳೂರಿಗಿಂತ ಜಾಸ್ತಿ, ನೆಂಟರಿಲ್ಲ, ಭಾಷೆ ಬರದು. ಆಸ್ಟ್ರೇಲಿಯಾ, ಸಿಂಗಪುರ, ಜಪಾನಿನಲ್ಲಿರುವ ಕನ್ನಡಿಗರಿಗೆ ಪೂರ್ತಿ ದೇಹ ತಪಾಸಣೆ, ಹಲ್ಲು ಇಂಥವಕ್ಕೆ ಹತ್ತಿರವಾಗುತ್ತದೆ, ಅಷ್ಟೇ.

ಇಸ್ತಾಂಬುಲ್ ಅಂದರೆ ಕೂದಲು ಕಸಿ ಮತ್ತು ಹಲ್ಲು. ಇಂಗ್ಲೆಂಡಿನಿಂದ ನಾಲ್ಕು ಗಂಟೆ ಪ್ರಯಾಣ, ಹೋಟೆಲ್ ಸೇರಿದ ಪ್ಯಾಕೇಜ್. ಹೊರದೇಶದ ರೋಗಿಗಳನ್ನು ನೋಡುವ ಕ್ಲಿನಿಕ್‌ಗಳಿಗೆ ಆರೋಗ್ಯ ಸಚಿವಾಲಯದ ವಿಶೇಷ ಪರವಾನಗಿ ಪತ್ರ ಬೇಕು ಅಂತ ಟರ್ಕಿ 2017ರಿಂದ ನಿಯಮ ಮಾಡಿದೆ. ಅದನ್ನು ತೋರಿಸಿ ಅಂತ ಕೇಳಿ. ಕೂದಲಿನ ವಿಷಯದಲ್ಲಿ ಕೇಳಬೇಕಾದ್ದು ಇಷ್ಟು: ಕತ್ತರಿ ಹಿಡಿಯುವವರು ಡಾಕ್ಟರಾ, ಟೆಕ್ನಿಷಿಯನ್ನಾ? ಹಲ್ಲಿನ ವಿಷಯದಲ್ಲಿ ಎಚ್ಚರ ಜಾಸ್ತಿ ಬೇಕು. ಐದು ದಿನದಲ್ಲಿ ಬಿಳಿ ನಗು ಅನ್ನುವ ಜಾಹೀರಾತಿನ ಹಿಂದೆ ಚೆನ್ನಾಗಿರುವ ಹಲ್ಲನ್ನು ಮೊಳೆಯಷ್ಟು ಸಣ್ಣಗೆ ಉಜ್ಜಿ ಮೇಲೆ ಕ್ರೌನ್ ಅನ್ನುವ ಕವಚ ಕೂರಿಸುವ ಕೆಲಸ ನಡೆಯುತ್ತದೆ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಅಮೆರಿಕದ ಪೂರ್ವ ಕರಾವಳಿಯವರಿಗೆ ಇನ್ನೊಂದು ದಾರಿ ಇದೆ. ದಕ್ಷಿಣ ಕನ್ನಡದವರೇ ಆದ ಡಾ. ದೇವಿ ಶೆಟ್ಟಿಯವರ ನಾರಾಯಣ ಸಂಸ್ಥೆ 2014ರಲ್ಲಿ ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಆಸ್ಪತ್ರೆ ತೆರೆಯಿತು. ಮಯಾಮಿಯಿಂದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಹೃದಯ ಚಿಕಿತ್ಸೆಯ ಖರ್ಚು ಇಳಿಸಿದ ಅದೇ ಅನುಭವ, ಒಟ್ಟು ಮೊತ್ತ ಮೊದಲೇ ಹೇಳುವ ಪ್ಯಾಕೇಜ್ ಪದ್ಧತಿ. ಬೆಂಗಳೂರಿಗಿಂತ ತುಟ್ಟಿ. ಇನ್ಶೂರೆನ್ಸ್ ಇಲ್ಲದೆ ಹೃದಯದ್ದೋ ಕೀಲಿನದ್ದೋ ಆಪರೇಷನ್ ಆಗಬೇಕಾದವರು, ಇಪ್ಪತ್ತು ಗಂಟೆ ವಿಮಾನದಲ್ಲಿ ಕೂರಲಾರದವರು ಇಲ್ಲಿಂದ ಒಂದು ಎಸ್ಟಿಮೇಟ್ ತರಿಸಿ ನೋಡಬಹುದು.

ಯಾವ ಚಿಕಿತ್ಸೆಗೆ ಯಾವುದು

ಹಲ್ಲಿನ ಇಂಪ್ಲಾಂಟ್ ಎರಡು ಹಂತದ ಕೆಲಸ. ಮೊದಲು ದವಡೆ ಮೂಳೆಗೆ ಟೈಟೇನಿಯಂ ಸ್ಕ್ರೂ ಕೂರಿಸುತ್ತಾರೆ, ಅದು ಮೂಳೆಯ ಜೊತೆ ಬೆಸೆದುಕೊಳ್ಳಲು ಮೂರರಿಂದ ಆರು ತಿಂಗಳು ಬೇಕು, ಆಮೇಲೆ ಹಲ್ಲು ಕೂರಿಸುತ್ತಾರೆ. ಗಲ್ಫ್‌ನವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಈ ರಜೆಯಲ್ಲಿ ಸ್ಕ್ರೂ, ಮುಂದಿನ ರಜೆಯಲ್ಲಿ ಹಲ್ಲು. ನಡುವೆ ಅಷ್ಟು ದಿನ ಬಿಡಬಹುದಾ ಅಂತ ನಿಮ್ಮ ದಂತವೈದ್ಯರನ್ನು ಕೇಳಿಕೊಳ್ಳಿ. ಅಮೆರಿಕದಲ್ಲಿ ಹಲ್ಲಿನ ಇನ್ಶೂರೆನ್ಸ್‌ಗೆ ವರ್ಷದ ಮಿತಿ ತೀರಾ ಸಣ್ಣದು, ಹಾಗಾಗಿ ಅಲ್ಲಿಯವರಿಗೂ ಊರಿನಲ್ಲಿ ಮಾಡಿಸುವುದು ಲಾಭವೇ.

ಕಣ್ಣಿನ ಪೊರೆ ಊರಿನಲ್ಲಿ ನಿಶ್ಚಿಂತೆಯಿಂದ ಮಾಡಿಸಬಹುದು, ಕೆಲವು ವಾರ ಉಳಿದರೆ ಸಾಕು. ರೆಟಿನಾ ಆಪರೇಷನ್ ಮಾತ್ರ ಬೇರೆ. ಕಣ್ಣೊಳಗೆ ಗ್ಯಾಸ್ ತುಂಬಿಸಿದ್ದರೆ ಅದು ಪೂರ್ತಿ ಕರಗುವ ತನಕ ವಿಮಾನ ಹತ್ತಲೇಬಾರದು. ಮೇಲೆ ಹೋದಂತೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ, ದೃಷ್ಟಿಯೇ ಹೋಗಬಹುದು. ಎದೆ, ಹೊಟ್ಟೆಯ ಆಪರೇಷನ್ ಆದವರು ಕನಿಷ್ಠ 10 ದಿನ ವಿಮಾನದಿಂದ ದೂರ ಇರಬೇಕು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸಲಹೆ ಕೊಡುತ್ತದೆ.

ಐವಿಎಫ್‌ಗೆ ಊರಿಗೆ ಬರುವವರು 2021ರ ಕಾಯ್ದೆಗಳನ್ನು ತಿಳಿದಿರಬೇಕು. ಹೆಂಡತಿಗೆ 50, ಗಂಡನಿಗೆ 55 ವಯಸ್ಸಿನ ಮಿತಿ. ದುಡ್ಡು ಕೊಟ್ಟು ಬಾಡಿಗೆ ತಾಯ್ತನ ಮಾಡಿಸುವುದು ಅಪರಾಧ. ಭ್ರೂಣದ ಲಿಂಗ ಹೇಳಿಸುವುದಂತೂ 1994ರ ಇನ್ನೊಂದು ಕಾಯ್ದೆಯಡಿ ಅಪರಾಧ.

ಕಿಡ್ನಿ ಕಸಿಯ ಮಾತು ಬಂದರೆ ಒಂದೇ ಒಂದು ವಿಷಯ. ಡೋನರ್ ಹುಡುಕಿಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಎದ್ದು ಬನ್ನಿ. ಅಂಗ ಮಾರಾಟ 1994ರ ಕಾಯ್ದೆಯಡಿ ಅಪರಾಧ. ಆ ಡೋನರ್ ಸಾಲಕ್ಕೆ ಸಿಕ್ಕಿಬಿದ್ದ ಬಡವನೋ ಬಡವಳೋ ಆಗಿರುತ್ತಾರೆ. ರೋಗಿ ವಿದೇಶಿ ಪ್ರಜೆ, ದಾನಿ ಭಾರತೀಯರು ಆಗಿದ್ದರೆ ಹತ್ತಿರದ ರಕ್ತಸಂಬಂಧಿಯೋ ಗಂಡ ಹೆಂಡತಿಯೋ ಆಗಿದ್ದರೆ ಮಾತ್ರ ಅನುಮತಿ, ಅದೂ ಸಮಿತಿ ಕಾಗದಪತ್ರ ನೋಡಿ ಒಪ್ಪಿದ ಮೇಲೆ.

ಏಜೆಂಟ್ ಬೇಕಾ, ಕಾಗದಪತ್ರ ಏನೇನು

ಊರಿನವರಿಗೆ ಊರಿನ ಆಸ್ಪತ್ರೆಗೆ ಏಜೆಂಟ್ ಬೇಕಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಇಂಟರ್‌ನ್ಯಾಷನಲ್ ಪೇಷೆಂಟ್ ಡೆಸ್ಕ್ ಅಂತ ಇರುತ್ತದೆ, ನೇರವಾಗಿ ಮೇಲ್ ಮಾಡಿ. ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಕೊಡುವುದು ಆಸ್ಪತ್ರೆ, ಹಾಗಾಗಿ ಅವರು ತೋರಿಸುವ ಮೂರು ಆಸ್ಪತ್ರೆ ನಿಮಗೆ ಸರಿಯಾದ ಮೂರೇ ಆಗಬೇಕಿಲ್ಲ. ಗೊತ್ತಿಲ್ಲದ ದೇಶಕ್ಕೆ, ಗೊತ್ತಿಲ್ಲದ ಭಾಷೆಗೆ ಹೋಗುವಾಗ ಅವರಿಂದ ಸಹಾಯ ಆಗುತ್ತದೆ. ಆಗಲೂ ದುಡ್ಡು ಆಸ್ಪತ್ರೆಯ ಖಾತೆಗೇ ಕಟ್ಟಿ, ಏಜೆಂಟರ ಖಾತೆಗೆ ಬೇಡ.

ಮರಳಿ ಹೋಗುವಾಗ ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಆಪರೇಷನ್ ನೋಟ್ಸ್ ಕೇಳಿ ಪಡೆಯಿರಿ, ಸ್ಕ್ಯಾನ್‌ಗಳು ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಇರಲಿ, ಮಾತ್ರೆಗಳ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಬರೆಸಿ. ಇಂಪ್ಲಾಂಟ್ ಡಬ್ಬಿಯ ಮೇಲೆ ಒಂದು ಪುಟ್ಟ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಕಂಪನಿ, ಅಳತೆ, ಲಾಟ್ ನಂಬರ್ ಎಲ್ಲ ಇರುತ್ತದೆ. ಓಟಿಯಲ್ಲಿ ಅದನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ನಿಮ್ಮ ಫೈಲಿಗೂ ಒಂದು ಅಂಟಿಸಿ ಅಂತ ಹೇಳಿ. ಹತ್ತು ವರ್ಷ ಬಿಟ್ಟು ಬೇರೆ ದೇಶದಲ್ಲಿ ಆ ಮಂಡಿಯನ್ನೋ ಆ ಹಲ್ಲನ್ನೋ ಸರಿಪಡಿಸಬೇಕಾದ ಡಾಕ್ಟರಿಗೆ ಬೇಕಾಗುವುದು ಆ ಸ್ಟಿಕ್ಕರೇ. ಗಲ್ಫ್‌ಗೆ ಮರಳುವವರು ನೋವಿನ ಮಾತ್ರೆಯ ಹೆಸರು ನೋಡಿಕೊಳ್ಳಿ. ಊರಿನಲ್ಲಿ ಆಪರೇಷನ್ ಆದವರಿಗೆ ಬರೆದುಕೊಡುವ ಟ್ರಮಡಾಲ್ ಯುಎಇಯಲ್ಲಿ ನಿಯಂತ್ರಿತ ಔಷಧ. ಮುಂಚೆ ಅನುಮತಿ ಪಡೆಯದೆ ಬ್ಯಾಗಿನಲ್ಲಿ ಒಯ್ದರೆ ವಿಮಾನ ನಿಲ್ದಾಣದಲ್ಲೇ ತೊಂದರೆ.

ಇನ್ನೂ ತೀರ್ಮಾನ ಆಗದಿದ್ದರೆ ಎಕ್ಸ್‌ರೇ, ಒಂದು ಪುಟದ ಕಾಯಿಲೆ ವಿವರ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಇಷ್ಟನ್ನು ಎರಡು ಮೂರು ಆಸ್ಪತ್ರೆಗೆ ಕಳಿಸಿ. ಆಪರೇಷನ್ ಮಾಡುವ ಸರ್ಜನ್ ಹೆಸರು, ಏನು ಸೇರಿದೆ ಏನು ಸೇರಿಲ್ಲ ಅನ್ನುವ ಪಟ್ಟಿ, ಎಷ್ಟು ದಿನ ಊರಲ್ಲಿ ಉಳಿಯಬೇಕು, ವಾಪಸ್ ಹೋದ ಮೇಲೆ ವಿಡಿಯೋದಲ್ಲಿ ಯಾರು ನೋಡುತ್ತಾರೆ ಅಂತ ಕೇಳಿ. ಸರ್ಜನ್ ಜೊತೆ ಹದಿನೈದು ನಿಮಿಷದ ವಿಡಿಯೋ ಮಾತಿಗೂ ಸಮಯ ಕೇಳಿ, ದುಡ್ಡು ತೆಗೆದುಕೊಂಡರೂ ಪರವಾಗಿಲ್ಲ. ಬರೀ ಮೊತ್ತ ಬರೆದು, ಬೇಗ ಬುಕ್ ಮಾಡಿದರೆ ರಿಯಾಯಿತಿ ಅಂತ ಉತ್ತರ ಕಳಿಸಿದ ಆಸ್ಪತ್ರೆಯನ್ನು ಪಟ್ಟಿಯಿಂದ ತೆಗೆದುಹಾಕಿ. ‘ನಿಮಗೆ ಈಗಲೇ ಆಪರೇಷನ್ ಬೇಡ, ಮೂರು ತಿಂಗಳು ಫಿಸಿಯೋ ಮಾಡಿ ನೋಡಿ’ ಅಂತ ಬರೆದ ಡಾಕ್ಟರ್ ಸಿಕ್ಕರೆ ಅವರ ನಂಬರ್ ಇಟ್ಟುಕೊಳ್ಳಿ.